ಮೀಟರಿನ ಮೇಲಿನ ವಿಭೂತಿ

ಭೈರಪ್ಪನವರ ಮನೆಮೋಟಾರನ್ನು ನೋಡದವರು ಆ ಕಾಲದ ಶಿವಮೊಗ್ಗದಲ್ಲಿ ಇರಲಿಲ್ಲ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗಿಟ್ಟ ಹಳೇ ಆಂಬುಲೆನ್ಸ್ ಅದು. ಗಾಯಾಳುಗಳನ್ನು ಮಲಗಿಸುತ್ತಿದ್ದ ಜಾಗದಲ್ಲಿ ಈಗ ಎರಡು ಮಂಚ, ಮಡಚುವ ಮೇಜು, ಸೀಮೆಎಣ್ಣೆ ಸ್ಟೌ, ಒಂದು ಫ್ಯಾನು, ಒಂದು ರೇಡಿಯೊ, ಆರು ದೀಪ. ಮನಸ್ಸು ಬಂದಾಗ ಜೋಗಕ್ಕೆ, ಬೇಸರವಾದಾಗ ಆಗುಂಬೆಗೆ, ಎಲ್ಲಿ ಹೊತ್ತು ಮುಳುಗಿತೋ ಅಲ್ಲೇ ಬಿಡಾರ. ಮೋಜೆಲ್ಲ ಭೈರಪ್ಪನವರದು. ಆ ಮೋಜಿನ ಹಿಂದಿನ ತಲೆನೋವು ಮಾತ್ರ ಡ್ರೈವರ್ ಏಕಾಂತಪ್ಪನ ಪಾಲು.

ತಲೆನೋವೆಂದರೆ ಬ್ಯಾಟರಿ. ಗಾಡಿ ನಿಂತಾಗ ದೀಪಕ್ಕೂ ಫ್ಯಾನಿಗೂ ರೇಡಿಯೊಗೂ ಅದೊಂದೇ ಬ್ಯಾಟರಿ, ಕೊನೆಗೆ ಇಂಜಿನ್ನು ಎಬ್ಬಿಸುವುದಕ್ಕೂ ಅದೇ. ಸ್ಟಿಯರಿಂಗಿನ ಮುಂದೆ ಅಂಗೈಯಗಲದ ದುಂಡನೆಯ ವೋಲ್ಟ್ ಮೀಟರಿತ್ತು. ಅದರ ಮುಳ್ಳು ಹನ್ನೆರಡರ ಮೇಲಿದ್ದರೆ ನಿಶ್ಚಿಂತೆ. ಹನ್ನೊಂದೂವರೆಗೆ ಬಂತೆಂದರೆ ದೀಪ ಗೀಪ ಬಂದ್ ಮಾಡಬೇಕು, ಇಲ್ಲವೇ ಅರ್ಧ ತಾಸು ಇಂಜಿನ್ನು ಓಡಿಸಿ ಬ್ಯಾಟರಿ ತುಂಬಿಸಬೇಕು. ಹನ್ನೊಂದರ ಕೆಳಗೆ ಇಳಿದರೆ ಇಂಜಿನ್ನು ಏಳುವುದಿಲ್ಲ. ಆಮೇಲೆ ಗಾಡಿಯ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಕೈಯಿಂದ ತಿರುಗಿಸುವುದೊಂದೇ ದಾರಿ.

ಏಕಾಂತಪ್ಪನಿಗೆ ಆ ಹ್ಯಾಂಡಲ್ ಎಂದರೆ ಮೈ ಜುಮ್ಮೆನ್ನುತ್ತಿತ್ತು. ಸ್ಟಿಯರಿಂಗ್ ಚಕ್ರದ ನಡುವೆ ಸ್ಪಾರ್ಕಿನ ಲಿವರ್ ಎಂದು ಬೆರಳುದ್ದದ ಒಂದು ಕಡ್ಡಿಯಿತ್ತು. ಹ್ಯಾಂಡಲ್ ತಿರುಗಿಸುವಾಗ ಅದು ಕೆಳಗಿರಬೇಕು. ಮೇಲಿದ್ದರೆ ಇಂಜಿನ್ನು ಹಿಂದಕ್ಕೆ ಒದೆಯುತ್ತದೆ. ಮಿಲಿಟರಿ ಡ್ರೈವರಾಗಿ ಬರ್ಮಾದಲ್ಲಿದ್ದಾಗ ಹಾಗೆ ಒದೆಸಿಕೊಂಡವನೊಬ್ಬನ ಮುಂಗೈ ಎರಡು ತುಂಡಾದದ್ದನ್ನೂ ಹಲ್ಲುಗಳು ಮಣ್ಣಿಗೆ ಉದುರಿದ್ದನ್ನೂ ಅವನು ಕಣ್ಣಾರೆ ಕಂಡಿದ್ದ. ಅದಕ್ಕೇ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮುಳ್ಳು ನೋಡಿ ಬಾಗಿಲಿನ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದ. ಹೆಂಡತಿಯ ಮುಖವನ್ನೂ ಇವನು ಇಷ್ಟು ಸಲ ನೋಡಿರಲಾರ ಎಂದು ಭೈರಪ್ಪನವರು ನೆಂಟರ ಮುಂದೆ ನಗುತ್ತಿದ್ದರು.

ನಗುವುದು ನೆಂಟರ ಮುಂದೆ. ನೆಂಟರಿಲ್ಲದಾಗ ಅವರ ಕೈ ಮುಂದಾಗುತ್ತಿತ್ತು. ಒಮ್ಮೆ ಗಾಜನೂರಿನ ಬಳಿ ರೇಡಿಯೊ ಬಂದ್ ಮಾಡಿ ಎಂದದ್ದಕ್ಕೆ ಏಕಾಂತಪ್ಪನ ಕಪಾಳಕ್ಕೆ ಬಿಗಿದಿದ್ದರು. ಮರುದಿನ ಗಾಡಿ ಎದ್ದಾಗ, ಎದ್ದದ್ದು ತಮ್ಮ ಪುಣ್ಯದಿಂದ ಎಂಬಂತೆ ಮಂಚದ ಮೇಲೆ ಒರಗಿಕೊಂಡು ಎಲೆಯಡಿಕೆ ಜಗಿದರು. ಏಕಾಂತಪ್ಪ ಸಹಿಸಿಕೊಂಡ. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಬಾಡಿಗೆ ಮನೆ, ಹೆಂಡತಿ ಶಂಕರಮ್ಮ, ಎರಡು ಮಕ್ಕಳು. ಸಹಿಸಿಕೊಳ್ಳದೆ ಏನು ಮಾಡಿಯಾನು?

ಭೈರಪ್ಪನವರಿಗೂ ಒಂದು ಹುಣ್ಣಿತ್ತು, ಅದನ್ನೂ ಹೇಳಿಬಿಡಬೇಕು. ಎರಡು ವರ್ಷದ ಹಿಂದೆ ಆಯುಧಪೂಜೆಯ ದಿನ ಗಾಡಿಯ ಮುಂದೆ ಹಚ್ಚಿಟ್ಟ ದೀಪ ಗಾಳಿಗೆ ಆರಿಹೋಗಿತ್ತು. ತಿಂಗಳು ತುಂಬುವುದರೊಳಗೆ ಅವರ ಹೆಂಡತಿ ಜಗದಾಂಬಾ ಜ್ವರ ಬಂದು ತೀರಿಕೊಂಡರು. ಅವತ್ತಿನಿಂದ ಆ ದಿನದ ದೀಪ ಆರುವುದೆಂದರೆ ಅವರಿಗೆ ಸಾವೇ ಬಾಗಿಲಿಗೆ ಬಂದಂತೆ.

ಐವತ್ತೊಂಬತ್ತನೆಯ ಇಸವಿಯ ಆಯುಧಪೂಜೆ. ಭದ್ರಾವತಿಯಲ್ಲಿ ಓಲ್ಡ್ ಟೌನ್ ದಾಟಿ ಎರಡೂವರೆ ಮೈಲಿ ಆಚೆಗೆ, ಹೊಳೆಯ ಪಕ್ಕದಲ್ಲಿ ಭೈರಪ್ಪನವರ ಸಾಮಿಲ್ಲು. ಪ್ರತಿವರ್ಷ ಮನೆಮೋಟಾರನ್ನೂ ಅಲ್ಲಿಗೇ ತಂದು ಗರಗಸದ ಜೊತೆಯಲ್ಲೇ ಪೂಜೆ ಮಾಡಿಸಿ, ರಾತ್ರಿ ಅದರಲ್ಲೇ ಮಲಗಿ, ಮರುದಿನ ಬೆಳಿಗ್ಗೆ ಮತ್ತೊಮ್ಮೆ ಮಂಗಳಾರತಿ ಎತ್ತಿದ ಮೇಲೆ ಹೊರಡುವುದು ವಾಡಿಕೆ. ಗರಗಸಕ್ಕೆ ಹಲ್ಲು ಮಸೆಯುವ ಕೆಲಸ ಅಲ್ಲಿ ಹಾಲಸ್ವಾಮಿಯದು. ಹಾಲಸ್ವಾಮಿ ಶಂಕರಮ್ಮನ ಒಬ್ಬನೇ ತಮ್ಮ. ತಾಯಿ ಸತ್ತಾಗ ಅವನಿಗೆ ಮೂರು ವರ್ಷ, ಅವಳಿಗೆ ಹನ್ನೊಂದು. ಅವನನ್ನು ಸೊಂಟದ ಮೇಲಿಟ್ಟುಕೊಂಡೇ ಅವಳು ದೊಡ್ಡವಳಾದಳು. ಅವತ್ತು ಬೆಳಿಗ್ಗೆ ಎಂಟು ಹೋಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಗಂಡನ ಕೈಗೆ ಕೊಡುತ್ತ, ಸಾಹುಕಾರ್ರ ಹತ್ರ ಅವನು ಬಾಯಿ ಜೋರು ಮಾಡದ ಹಾಗೆ ನೋಡಿಕೊಳ್ಳಿ, ನಾಳೆ ನಿಮ್ಮ ಜೊತೆಯಲ್ಲೇ ಕರೆದುಕೊಂಡು ಬನ್ನಿ ಎಂದಿದ್ದಳು. ಹಾಗೇ ಆಗಲಿ ಎಂದು ಇವನೂ ಮಾತು ಕೊಟ್ಟಿದ್ದ.

ಪೂಜೆ ಭರ್ಜರಿಯಾಗಿಯೇ ಆಯಿತು. ಚಕ್ರದ ಗರಗಸವನ್ನು ತೊಳೆದು ಹೂವು ಮುಡಿಸಿದರು. ಕೊಡಲಿ, ಮಚ್ಚು, ಗಾಡಿಯ ಹ್ಯಾಂಡಲ್ ಎಲ್ಲವನ್ನೂ ಸಾಲಾಗಿಟ್ಟು ಕುಂಕುಮ ಹಚ್ಚಿದರು. ಬೂದುಗುಂಬಳ ಒಡೆದರು. ಏಕಾಂತಪ್ಪ ಭಕ್ತಿಯಿಂದ ವಿಭೂತಿ ನೆನೆಸಿ ಗಾಡಿಯ ಮೈಯೆಲ್ಲ ಬಳಿದ. ಗಾಡಿಯಲ್ಲಿ ಅವನಿಗೆ ಎಲ್ಲಕ್ಕಿಂತ ಮುದ್ದಿನದು ಆ ಮೀಟರು ತಾನೇ? ಅದರ ಗಾಜಿನ ಮೇಲೆ ಮೂರು ಬೆರಳಲ್ಲಿ ದಪ್ಪನೆ ಮೂರು ಪಟ್ಟೆ ಎಳೆದು ನಡುವೆ ಕುಂಕುಮವಿಟ್ಟು ಕೈಮುಗಿದ. ವಿಭೂತಿ ಒಣಗಿ ಸುಣ್ಣದಂತೆ ಕೂತಿತು. ಮೇಲಿನ ಪಟ್ಟೆ ಸರಿಯಾಗಿ ಒಂಬತ್ತರಿಂದ ಹದಿಮೂರರವರೆಗಿನ ಅಂಕಿಗಳ ಮೇಲೇ ಬಿದ್ದಿತ್ತು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಭೈರಪ್ಪನವರ ಮಗಳನ್ನು ಸೊಸೆಯಾಗಿ ತಂದುಕೊಳ್ಳಲಿದ್ದ ಬೀಗರು ಚಂದ್ರಶೇಖರಪ್ಪನವರು ಸಂಜೆ ಏಳಕ್ಕೆ ಮನೆಮೋಟಾರು ನೋಡಲು ಬರುವವರಿದ್ದರು. ಅದಕ್ಕೆಂದೇ ಭೈರಪ್ಪನವರು ಬೆಂಗಳೂರಿನಿಂದ ನಲವತ್ತು ಬಣ್ಣದ ಪುಟಾಣಿ ಬಲ್ಬು ತರಿಸಿ ಗಾಡಿಯ ಸುತ್ತ ತೂಗಿಸಿದ್ದರು. ಪೂಜೆಯ ಹೊತ್ತಿಗೇ, ಹನ್ನೊಂದು ಗಂಟೆಗೇ, ಅವೆಲ್ಲ ಬ್ಯಾಟರಿಯ ಮೇಲೆ ಹೊತ್ತಿಕೊಂಡವು. ಇನ್ನು ಅವನ್ನು ಆರಿಸುವಂತಿಲ್ಲ, ಪೂಜೆಯ ದೀಪ. ಇಂಜಿನ್ನು ಎಬ್ಬಿಸಿ ಬ್ಯಾಟರಿ ತುಂಬಿಸುವಂತೆಯೂ ಇಲ್ಲ. ಪೂಜೆಯಾದ ಯಂತ್ರ ಮರುದಿನದವರೆಗೆ ಅಲುಗಬಾರದು. ಅದು ಊರಿಗೆಲ್ಲ ಇರುವ ಕಟ್ಟಳೆ, ಆವತ್ತು ಹೊಲಿಗೆ ಮಿಷನ್ನು ಕೂಡ ಯಾರೂ ತುಳಿಯುವುದಿಲ್ಲ.

ಮಧ್ಯಾಹ್ನ ಏಕಾಂತಪ್ಪ ಮೀಟರಿನ ಮುಂದೆ ಹೋಗಿ ಕೂತ. ವಿಭೂತಿಯ ಹಿಂದೆ ಮುಳ್ಳು ಎಲ್ಲಿದೆಯೋ ಕಾಣಲಿಲ್ಲ. ಬೆರಳು ತಾನಾಗಿಯೇ ಗಾಜಿನತ್ತ ಹೋಯಿತು, ಮತ್ತೆ ಹಿಂದಕ್ಕೆ ಬಂತು. ತಾನೇ ಬಳಿದ ವಿಭೂತಿಯನ್ನು ಅವತ್ತೇ ಒರೆಸುವುದುಂಟೇ? ಹನ್ನೆರಡು ವರ್ಷ ಮುಳ್ಳು ನೋಡಿದವನು ಅವತ್ತು ಬಲ್ಬಿನ ಬೆಳಕು ನೋಡಿ ಅಂದಾಜು ಹಾಕಲು ಹೊರಟ. ಹಗಲು ಹೊತ್ತಿನಲ್ಲಿ ಕೆಂಪು, ಹಸಿರು ಬಲ್ಬು ಮಂಕಾದದ್ದು ಯಾರಿಗೆ ಕಾಣುತ್ತದೆ? ನಾಲ್ಕು ಗಂಟೆಗೆ ಭೈರಪ್ಪನವರ ಹತ್ತಿರ ಹೋಗಿ, ಬೀಗರು ಬರುವವರೆಗೆ ಅರ್ಧ ಬಲ್ಬಾದರೂ ತೆಗೆಯೋಣ ಎಂದು ಕೇಳಿಕೊಂಡ. ಅವರು ಆಗಲೇ ಎರಡು ಗ್ಲಾಸು ಏರಿಸಿದ್ದರು. ಬಾಯಿ ಮುಚ್ಚು ಎಂದರು. ಇನ್ನೊಂದು ಮೂರು ತಾಸು ಎಳೆಯುತ್ತದೆ ಬಿಡು ಎಂದು ಇವನೂ ತನಗೆ ತಾನೇ ಸಮಾಧಾನ ಹೇಳಿಕೊಂಡ. ಈ ಒಂದು ಮಾತಿಗಾಗಿ ಅವನು ಸಾಯುವವರೆಗೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ಆರೂಕಾಲಕ್ಕೆ ಕತ್ತಲಾಗುತ್ತ ಬಂತು. ಕೂಲಿಯವರು ಮಂಡಕ್ಕಿ, ಬಾಳೆಹಣ್ಣು ಕಟ್ಟಿಸಿಕೊಂಡು ಯಾವಾಗಲೋ ಹೋಗಿದ್ದರು. ಮಿಲ್ಲಿನಲ್ಲಿ ಉಳಿದವರು ಭೈರಪ್ಪನವರು, ಏಕಾಂತಪ್ಪ, ಹಾಲಸ್ವಾಮಿ, ಒಬ್ಬ ಮುದಿ ಕಾವಲುಗಾರ. ಕತ್ತಲಲ್ಲಿ ಬಲ್ಬುಗಳ ನಿಜಬಣ್ಣ ಬಯಲಾಯಿತು. ನಲವತ್ತೂ ನಂದಿದ ಕೆಂಡದ ಹಾಗೆ ಮಿಣುಕುತ್ತಿದ್ದವು. ಈ ಕಾಡುದಾರಿಯ ತುದಿಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಗಾಡಿ ಏಳುವುದಿಲ್ಲ. ಯಾರನ್ನೂ ಕೇಳದೆ ಏಕಾಂತಪ್ಪ ಬಾನೆಟ್ ಎತ್ತಿ ಬಲ್ಬಿನ ಸರದ ತಂತಿಗೆ ಕೈಹಾಕಿದ.

ಭೈರಪ್ಪನವರು ಪೂಜೆಯ ಸಾಲಿನಿಂದ ಹ್ಯಾಂಡಲ್ ಎತ್ತಿಕೊಂಡು ಬಂದದ್ದು ಅವನಿಗೆ ಕಾಣಲಿಲ್ಲ. ಮೊದಲ ಏಟು ಬಲಗೈ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಅವನಿಗೇ ಕೇಳಿಸಿತು. ಎರಡನೆಯ ಏಟು ಹೆಗಲಿಗೆ, ಮೂರನೆಯದು ಬೆನ್ನಿಗೆ. ನನ್ನ ದೀಪ ಆರಿಸ್ತೀಯಾ, ಅವಳನ್ನ ತಿಂದಿದ್ದು ಸಾಲ್ದಾ ಎಂದು ಅವರು ಹಲ್ಲು ಕಡಿಯುತ್ತಿದ್ದರು. ಏಕಾಂತಪ್ಪ ಮಡ್‌ಗಾರ್ಡಿನ ಮೇಲೆ ಕುಸಿದ. ಗರಗಸದ ಕೊಟ್ಟಿಗೆಯಿಂದ ಓಡಿಬಂದ ಹಾಲಸ್ವಾಮಿ ಭೈರಪ್ಪನವರ ಎದೆಗೆ ಕೈಕೊಟ್ಟು ತಳ್ಳಿದ. ಅವರು ಬೂದುಗುಂಬಳದ ಹೋಳುಗಳ ಮೇಲೆ ಅಂಗಾತ ಬಿದ್ದರು.

“ಭಾವ, ಯಾವ ತಂತಿ ಹೇಳು, ನಾನೇ ಕೀಳ್ತೀನಿ” ಎಂದ ಹಾಲಸ್ವಾಮಿ.

ಬೇಡ ಮಾರಾಯ, ಬಿಡು ಎಂದು ಏಕಾಂತಪ್ಪ ಹೇಳಬೇಕಿತ್ತು. ಶಂಕರಮ್ಮನಿಗೆ ಕೊಟ್ಟ ಮಾತು ಅದೇ ಆಗಿತ್ತು. ಆದರೆ ಕೈ ಉರಿಯುತ್ತಿತ್ತು, ಸಿಟ್ಟು ನೆತ್ತಿಗೇರಿತ್ತು. ಕೆಂಪು ತಂತಿ ಎಂದುಬಿಟ್ಟ. ಹಾಲಸ್ವಾಮಿ ಬಂಪರಿನ ಮೇಲೆ ಕಾಲಿಟ್ಟು ಹತ್ತಿ ಎಳೆದ. ನಲವತ್ತು ದೀಪ ಒಟ್ಟಿಗೇ ಆರಿದವು.

ಆ ಕತ್ತಲಲ್ಲಿ ಭೈರಪ್ಪನವರು “ಜಗದಾ” ಎಂದು ಕೂಗಿದರು. ಪಾಪ ಎನ್ನಿಸುವಂಥ ಕೂಗು ಅದು. ಮರುಗಳಿಗೆ ಸಾಲಿನಲ್ಲಿದ್ದ ಮಚ್ಚು ಅವರ ಕೈಯಲ್ಲಿತ್ತು. ಅವತ್ತೇ ಬೆಳಿಗ್ಗೆ ಹಾಲಸ್ವಾಮಿಯೇ ಮಸೆದು ಹೊಳಪು ಕೊಟ್ಟ ಮಚ್ಚು. ಮೇಲೆ ನಿಂತಿದ್ದವನ ತೊಡೆಗೆ ಅದು ಬಿತ್ತು, ಕಿತ್ತುಕೊಂಡು ಮತ್ತೆ ಅಲ್ಲಿಗೇ ಬಿತ್ತು. ಇಲ್ಲಿಯವರೆಗೆ ಭೈರಪ್ಪನವರು ಎಂದು ಮರ್ಯಾದೆಯಿಂದ ಹೇಳಿಕೊಂಡು ಬಂದದ್ದಾಯಿತು. ಇನ್ನು ಮುಂದೆ ಆ ಮನುಷ್ಯನನ್ನು ಹಾಗೆ ಕರೆಯಲು ನನ್ನಿಂದಾಗದು.

ರಕ್ತ ಚಿಮ್ಮಿ ಬಾನೆಟ್ಟಿನ ವಿಭೂತಿಯ ಮೇಲೆ ಹರಿಯಿತು. ಹಾಲಸ್ವಾಮಿ ಬೆರಗಾದವನಂತೆ ತನ್ನ ಕಾಲನ್ನೇ ನೋಡುತ್ತ ಕೆಳಗೆ ಜಾರಿದ. ಕಾವಲುಗಾರ ಬೇಲಿ ಹಾರಿ ಓಡಿಹೋದ. ಏಕಾಂತಪ್ಪ ಹೆಗಲ ಮೇಲಿನ ಟವಲನ್ನು ಎಡಗೈಯಿಂದಲೂ ಹಲ್ಲಿನಿಂದಲೂ ಎಳೆದು ತೊಡೆಯ ಬುಡಕ್ಕೆ ಬಿಗಿದ. ಟವಲು ಕ್ಷಣದಲ್ಲಿ ತೊಯ್ದುಹೋಯಿತು. ಭೈರಪ್ಪ ಮಚ್ಚು ಬಿಸಾಕಿ ಗಾಡಿಯ ಚಕ್ರದ ಮೇಲೆ ವಾಂತಿ ಮಾಡಿಕೊಳ್ಳುತ್ತಿದ್ದ.

“ಇವನು ಸತ್ರೆ ನಿಮಗೆ ನೇಣು” ಎಂದ ಏಕಾಂತಪ್ಪ. “ಎತ್ತಿ ಒಳಗೆ ಹಾಕಿ.”

ಧಣಿಗೆ ಅವನು ಅಪ್ಪಣೆ ಕೊಟ್ಟದ್ದು ಅದೇ ಮೊದಲು. ಭೈರಪ್ಪ ಹಾಲಸ್ವಾಮಿಯನ್ನು ಎತ್ತಿ, ತನ್ನ ಮೋಜಿನ ಮಂಚದ ಮೇಲೆ ಮಲಗಿಸಿದ. ಏಕಾಂತಪ್ಪ ಸ್ಟಿಯರಿಂಗಿನ ಮುಂದೆ ಕೂತು ಸ್ಟಾರ್ಟರ್ ಒತ್ತಿದ. ಟಕ್ ಎಂದಿತು, ಅಷ್ಟೇ. ಮತ್ತೆ ಒತ್ತಿದ. ಟಕ್. ಆಗ ಎಡಗೈಯ ಹೆಬ್ಬೆಟ್ಟನ್ನು ಗಾಜಿಗೆ ಒತ್ತಿ ಮೂರೂ ಪಟ್ಟೆಯನ್ನು ತಿಕ್ಕಿ ಒರೆಸಿದ. ಮುಳ್ಳು ಒಂಬತ್ತೂವರೆಯಲ್ಲಿತ್ತು. ಮಧ್ಯಾಹ್ನವೇ ಒರೆಸಿದ್ದರೆ ಆಗಲೇ ಕಾಣುತ್ತಿತ್ತು. ದೇವರಿಗೆ ಹೆದರಿದೆನೋ, ಈ ಮನುಷ್ಯನ ಕೈಗೆ ಹೆದರಿದೆನೋ ಎಂದು ತನ್ನನ್ನೇ ಕೇಳಿಕೊಂಡ.

ಸ್ಟಾರ್ಟರ್ ತಿರುಗಿಸಲು ಸಾಲದಿದ್ದರೂ ಕಿಡಿ ಹಾರಿಸುವಷ್ಟು ಜೀವ ಬ್ಯಾಟರಿಯಲ್ಲಿತ್ತು. ಹ್ಯಾಂಡಲ್ ತಿರುಗಿಸಬೇಕು. ಇವನ ಬಲಗೈ ಜೋತಾಡುತ್ತಿತ್ತು. ಭೈರಪ್ಪನಿಗೆ ಗಾಡಿ ಬಿಡಲು ಬರುತ್ತಿರಲಿಲ್ಲ, ತಿರುಗಿಸಲು ತೋಳು ಮಾತ್ರ ಇತ್ತು. ಏಟು ಹೊಡೆದ ಅದೇ ಹ್ಯಾಂಡಲನ್ನು ಹುಡುಕಿ ತಂದು ಅವನು ಬಾನೆಟ್ ಮುಚ್ಚಿ ಗಾಡಿಯ ಮುಂದೆ ಬಗ್ಗಿ ನಿಂತ. ಗಾಜಿನ ಆಚೆ ಅವನ ಬೋಳುತಲೆ, ಈಚೆ ಏಕಾಂತಪ್ಪನ ಎಡಗೈ ಕೆಳಗೆ ಸ್ಪಾರ್ಕಿನ ಲಿವರ್. ಒಂದು ಬೆರಳಿನ ಕೆಲಸ. ಮೇಲಕ್ಕೆ ತಳ್ಳಿದರೆ ಆ ತೋಳು ಮುರಿಯುತ್ತದೆ, ದವಡೆ ಒಡೆಯುತ್ತದೆ. ಏಕಾಂತಪ್ಪನಿಗೆ ಅದು ಬೇಕಾಗಿತ್ತು, ನೀರಡಿಸಿದವನಿಗೆ ನೀರು ಬೇಕಾದಂತೆ ಬೇಕಾಗಿತ್ತು. ಹಿಂದಿನಿಂದ ಹಾಲಸ್ವಾಮಿ “ಅಕ್ಕ” ಎಂದು ನರಳಿದ. ಏಕಾಂತಪ್ಪ ಲಿವರನ್ನು ಕೆಳಕ್ಕೆ ಎಳೆದ. ಐದನೆಯ ಸಲಕ್ಕೆ ಇಂಜಿನ್ನು ಎದ್ದಿತು.

ಎರಡೂವರೆ ಮೈಲಿ ದಾರಿ. ಗೇರ್ ಹಾಕುವಾಗ ಎಡಗೈ ಬಿಟ್ಟು ಸ್ಟಿಯರಿಂಗನ್ನು ಎದೆಯಿಂದ ಒತ್ತಿ ಹಿಡಿಯಬೇಕಿತ್ತು. ಎರಡು ಸಲ ಗಾಡಿ ದಾರಿಯ ಪಕ್ಕದ ಗುಂಡಿಗೆ ಇಳಿದು ಹತ್ತಿತು. ಪ್ರತಿ ಸಲವೂ ಮುರಿದ ಕೈ ಬಾಗಿಲಿಗೆ ಬಡಿದು ಕಣ್ಣು ಕತ್ತಲೆ ಬರುತ್ತಿತ್ತು. ಓಲ್ಡ್ ಟೌನಿನ ಬೀದಿಯಲ್ಲಿ ಹಬ್ಬದ ಜನ ಬೈಯುತ್ತ ಪಕ್ಕಕ್ಕೆ ಸರಿದರು. ಆಸ್ಪತ್ರೆಯ ಅಂಗಳಕ್ಕೆ ನುಗ್ಗಿ ಬ್ರೇಕ್ ತುಳಿದಾಗ ಇಂಜಿನ್ನು ಗೊರಗೊರ ಎಂದು ತಾನೇ ಬಂದ್ ಬಿತ್ತು.

ಡಾಕ್ಟರ್ ನರಸಿಂಹಮೂರ್ತಿ ಹಬ್ಬದೂಟ ಬಿಟ್ಟು ಎದ್ದು ಬಂದರು. ಅವರು ಮಾಡಬಹುದಾದ್ದನ್ನೆಲ್ಲ ಮಾಡಿದರು. ಏಳೂವರೆಗೆ ಹಾಲಸ್ವಾಮಿಯ ಉಸಿರು ನಿಂತಿತು. ರಕ್ತ ಬಹಳ ಹೋಗಿತ್ತು, ಗಾಡಿ ಎಬ್ಬಿಸಲು ಕಳೆದ ಹೊತ್ತು ಉಳಿದಿದ್ದರೆ ಬದುಕುತ್ತಿದ್ದನೇನೋ ಎಂದು ಅವರು ಕೈತೊಳೆಯುತ್ತ ಮೆಲ್ಲಗೆ ಹೇಳಿದರು. ಏಕಾಂತಪ್ಪ ಗೋಡೆಗೆ ತಲೆಯಿಟ್ಟು ಅತ್ತ. ಅವನ ಅಂಗಿಯ ಜೇಬಿನಲ್ಲಿ ಹೋಳಿಗೆ ಕಟ್ಟಿದ್ದ ಬಟ್ಟೆ ಇನ್ನೂ ಇತ್ತು.

ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಭೈರಪ್ಪನೇ ಮುಂದೆ ಬಂದ. ಅಮಲೆಲ್ಲ ಇಳಿದಿತ್ತು. ಹುಡುಗ ಕಾಲು ಜಾರಿ ತಿರುಗುವ ಗರಗಸದ ಮೇಲೆ ಬಿದ್ದ, ಬಿಡಿಸಲು ಹೋಗಿ ಡ್ರೈವರ್ ಕೈ ಮುರಿದುಕೊಂಡ ಎಂದು ಹೇಳಿದ. ಡಾಕ್ಟರು ಬರೆದುಕೊಂಡರು. ಇಲ್ಲಿಗೆ ಬಂದು ಆಮೇಲೆ ಮಿಲ್ಲು ನೋಡಲು ಪೊಲೀಸ್ ದಫೇದಾರರಿಗೆ ಹೇಳಿಕಳಿಸುತ್ತೇನೆ, ಏಕಾಂತಪ್ಪನ ಕೈಗೆ ಈಗಲೇ ಪಟ್ಟಿ ಕಟ್ಟುತ್ತೇನೆ ಎಂದು ಒಳಗೆ ಹೋದರು.

ಭೈರಪ್ಪ ಏಕಾಂತಪ್ಪನ ತೋಳು ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದ. ಬೀಗರು ಬಂದು ಕತ್ತಲಲ್ಲಿ ಯಾರನ್ನೂ ಕಾಣದೆ ತಿರುಗಿ ಹೋಗಿರುತ್ತಾರೆ. ದಫೇದಾರ ಸೈಕಲ್ಲಿನಲ್ಲಿ ಬರಬೇಕು. ಅಷ್ಟರೊಳಗೆ ಮಿಲ್ಲಿಗೆ ಹೋಗಿ, ಗರಗಸದ ಹೂವು ಕಿತ್ತು ಓಡಿಸಿ, ಈ ಮಂಚದ ಮೇಲಿನ ರಕ್ತದ ಚಾದರವನ್ನು ಅದರ ಹಲ್ಲಿಗೆ ಸವರಿಬಿಟ್ಟರೆ ಮುಗಿಯಿತು.

“ಹೋದೋನು ಹೋದ ಏಕಾಂತ. ನಿನ್ನ ಸಂಸಾರ ನಾನು ನೋಡ್ಕೊಳ್ತೀನಿ. ಗಾಡಿ ತೆಗಿ.”

ಏಕಾಂತಪ್ಪ ಹತ್ತಿ ಕೂತ. ಸ್ಟಾರ್ಟರ್ ಒತ್ತಿದ. ಟಕ್. ಒರೆಸಿದ ಗಾಜಿನ ಹಿಂದೆ ಮುಳ್ಳು ಒಂಬತ್ತೂವರೆಯಲ್ಲೇ ನಿಂತಿತ್ತು. ಎರಡೂವರೆ ಮೈಲಿ ಓಡಿದ್ದಕ್ಕೆ ಯಾವ ಬ್ಯಾಟರಿ ತುಂಬೀತು? ಭೈರಪ್ಪ ಹೇಳಿಸಿಕೊಳ್ಳದೆ ತಾನೇ ಹ್ಯಾಂಡಲ್ ತೆಗೆದುಕೊಂಡು ಮುಂದೆ ಹೋದ. ಒಮ್ಮೆ ಮಾಡಿದ ಕೆಲಸ, ಈಗ ಧೈರ್ಯ ಬಂದಿತ್ತು. ಹ್ಯಾಂಡಲ್ ಸಿಕ್ಕಿಸಿ, ಹೆಬ್ಬೆಟ್ಟು ಸುತ್ತಿ ಬಿಗಿಯಾಗಿ ಹಿಡಿದು, ಮುಖ ಅದರ ಮೇಲೆ ಬಗ್ಗಿಸಿ ನಿಂತ.

ಗಾಡಿ ಎದ್ದರೆ ಸುಳ್ಳು ಗೆಲ್ಲುತ್ತದೆ. ಹಾಲಸ್ವಾಮಿ ತನ್ನ ಅಜಾಗರೂಕತೆಯಿಂದ ಸತ್ತವನಾಗುತ್ತಾನೆ, ಶಂಕರಮ್ಮ ಬದುಕಿರುವಷ್ಟು ದಿನ ಈ ಮನುಷ್ಯನ ಮುಂದೆ ಸೆರಗೊಡ್ಡಿ ನಿಲ್ಲಬೇಕಾಗುತ್ತದೆ. ಏಕಾಂತಪ್ಪನಿಗೆ ಇದೆಲ್ಲ ನಿಚ್ಚಳವಾಗಿ ಕಂಡಿತು. ಅವನಿಗೆ ಆಗ ಸಿಟ್ಟಿರಲಿಲ್ಲ. ಎಡಗೈ ಎತ್ತಿ ಲಿವರನ್ನು ತುದಿಯವರೆಗೆ ಮೇಲಕ್ಕೆ ತಳ್ಳಿದ.

“ತಿರುಗ್ಸಿ ಸಾಹುಕಾರ್ರೆ” ಎಂದ.

ಭೈರಪ್ಪ ಮೈಯ ಬಲವೆಲ್ಲ ಹಾಕಿ ತಿರುಗಿಸಿದ. ಇಂಜಿನ್ನು ಹಿಂದಕ್ಕೆ ಒದೆಯಿತು. ಹ್ಯಾಂಡಲ್ ಗಿರ್ರೆಂದು ತಿರುಗಿ ಮೊದಲು ಮುಂಗೈಯನ್ನು ಮುರಿಯಿತು, ಅದೇ ಸುತ್ತಿನಲ್ಲಿ ಮೇಲೆದ್ದು ದವಡೆಗೆ ಬಡಿಯಿತು. ಅವನು ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಹೊರಳಾಡಿದ. ಬಾಯಿಂದ ರಕ್ತದ ಜೊತೆ ಹಲ್ಲು ಬಂದವು, ಮಾತು ಬರಲಿಲ್ಲ. ಏಕಾಂತಪ್ಪ ಇಳಿದು ಬಂದು ನೋಡುತ್ತ ನಿಂತ. ಬರ್ಮಾದಲ್ಲಿ ಕಂಡದ್ದೇ ಇಲ್ಲೂ ಕಂಡಿತು. ಸಂತೋಷವಾಗುತ್ತದೆ ಅಂದುಕೊಂಡಿದ್ದ, ಆಗಲಿಲ್ಲ.

ದಫೇದಾರ ಬಂದಾಗ ಆಸ್ಪತ್ರೆಯ ಜಗಲಿಯ ಮೇಲೆ ಇಬ್ಬರು ಕೈ ಮುರಿದವರಿದ್ದರು, ಒಳಗೆ ಒಂದು ಹೆಣವಿತ್ತು. ಗರಗಸದ ಮೇಲೆ ಬಿದ್ದು ಸತ್ತ ಎಂದು ಡಾಕ್ಟರು ಬರೆದದ್ದನ್ನು ಅವನು ಓದಿದ. ಹೌದೇ ಎಂದು ಏಕಾಂತಪ್ಪನನ್ನು ಕೇಳಿದ.

“ಸ್ವಾಮಿ, ಇವತ್ತು ಆಯುಧಪೂಜೆ” ಎಂದ ಏಕಾಂತಪ್ಪ. “ಇವತ್ತು ಯಾವ ಊರಲ್ಲಿ ಗರಗಸ ತಿರುಗುತ್ತೆ? ಈಗಲೇ ಹೋಗಿ ನೋಡಿ, ಮುಡಿಸಿದ ಹೂವು ಹಾಗೇ ಇದೆ. ಮಚ್ಚು ಅಂಗಳದಲ್ಲಿ ಬಿದ್ದಿದೆ.”

ದಫೇದಾರ ಡಾಕ್ಟರ ಮುಖ ನೋಡಿದ, ಡಾಕ್ಟರು ತಮ್ಮ ಕಾಗದ ನೋಡಿಕೊಂಡರು. ಇಬ್ಬರ ಮನೆಯಲ್ಲೂ ಅವತ್ತು ಈಳಿಗೆಮಣೆ, ಕತ್ತರಿ ಸಮೇತ ಪೂಜೆಗೆ ಕೂತಿದ್ದವು. ಇಷ್ಟು ಹೊತ್ತು ಯಾರಿಗೂ ಅದು ಹೊಳೆದಿರಲಿಲ್ಲ.

ಸಾಹುಕಾರರಿಗೆ ಏಟು ಹೇಗೆ ಬಿತ್ತು ಎಂದು ದಫೇದಾರ ಕೇಳಿದ. ಹ್ಯಾಂಡಲ್ ಒದೆಯಿತು ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಒಂದು ಸುಳ್ಳನ್ನು ತಡೆಯಲು ಲಿವರ್ ತಳ್ಳಿದವನು ತಾನೇ ಇನ್ನೊಂದನ್ನು ಹೇಗೆ ಹೇಳಿಯಾನು?

“ಲಿವರ್ ಮೇಲಿತ್ತು. ನಾನೇ ಇಟ್ಟೆ. ಹಾಗೇ ಬರ್ಕೊಳ್ಳಿ.”

ದಫೇದಾರ ಎಲ್ಲವನ್ನೂ ಬರೆದು ಕಾಗದ ಮುಂದಿಟ್ಟ. ಏಕಾಂತಪ್ಪ ಬರೆಯಬಲ್ಲವನು, ಹನ್ನೆರಡು ವರ್ಷ ದಿನಕ್ಕೆರಡು ಸಲ ಅಂಕಿ ಬರೆದವನು. ಬಲಗೈ ಹಲಗೆಯ ಮೇಲೆ ಬಿಗಿದು ಕಟ್ಟಿಸಿಕೊಂಡು ಕೂತಿತ್ತು. ಎಡಗೈಯ ಹೆಬ್ಬೆಟ್ಟು ಚಾಚಿದ. ಅದರ ತುಂಬ ಗಾಜಿನಿಂದ ಒರೆಸಿದ ವಿಭೂತಿ ಮೆತ್ತಿಕೊಂಡು, ಹಾಲಸ್ವಾಮಿಯ ರಕ್ತದಲ್ಲಿ ಕಲಸಿ ಒಣಗಿತ್ತು. ತೊಳೆದುಕೊಂಡು ಬಾ, ಗುರುತು ಸರಿಯಾಗಿ ಮೂಡುವುದಿಲ್ಲ ಎಂದು ದಫೇದಾರ ಹೇಳಿದ. ಏಕಾಂತಪ್ಪ ತೊಳೆಯಲಿಲ್ಲ. ಹಾಗೆಯೇ ಮಸಿಗೆ ಅದ್ದಿ, ಕಾಗದದ ಮೇಲೆ ಗಟ್ಟಿಯಾಗಿ ಒತ್ತಿ, ಶಂಕರಮ್ಮನಿಗೆ ಹೇಳಲು ಹೊಸಮನೆಗೆ ಯಾರನ್ನು ಕಳಿಸುತ್ತೀರಿ ಎಂದು ಕೇಳಿದ.